ಉಸಿರು ತೆಗೆದ ಹಾಡು

ನಮಗೆ ಸಹಾಯ ಮಾಡಲು ಬಂದವರ ಮೇಲೆ ಕೋಪವಿಲ್ಲ ಎಂದರೆ ಅದು ಸುಳ್ಳು. ಕೋಪವಿದೆ, ಬೇಕಾದಷ್ಟಿದೆ. ಆದರೆ ಬಂದ ಹುಡುಗ ಕೆಟ್ಟವನಾಗಿರಲಿಲ್ಲ. ಕೆಟ್ಟವನಾಗಿದ್ದರೆ ಹೊಸ್ತಿಲಿನಿಂದಲೇ ಬೈದು ಕಳಿಸಿಬಿಡುತ್ತಿದ್ದೆ; ಪ್ರೇಮಲತಾಳ ಬಾಯಿ ಎಂಥದ್ದು ಅಂತ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇವನು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದ, ಮೇಷ್ಟ್ರ ಕಾಲು ಮುಟ್ಟಿದ, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದ. ಅಂಥವನನ್ನು ಏನು ಮಾಡುವುದು?

ಮೇಷ್ಟ್ರು ಎಂದರೆ ನನ್ನ ಗಂಡ ಅನಂತರಾಜು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹಳ್ಳಿಗಳಲ್ಲಿ ತೋಟ ಹೊಲ ಮಾಡುವವರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಾರೆ. ಅವರಿಗೆ ತಿಂಗಳುಗಟ್ಟಲೆ ಮಾತು, ಹಾಡು ಕಲಿಸಿ, ಆಟದ ದಿನ ರಂಗದ ಮುಂದೆ ಹಾರ್ಮೋನಿಯಂ ಹಿಡಿದು ಕೂತು, ತಪ್ಪಿದವರನ್ನೂ ಮರೆತವರನ್ನೂ ದಡ ಸೇರಿಸುವವರು ಮೇಷ್ಟ್ರು. ಹೆಣ್ಣು ಪಾತ್ರಕ್ಕೆ ಮಾತ್ರ ತುಮಕೂರಿನಿಂದ ನಮ್ಮಂಥವರನ್ನು ಕರೆಸುತ್ತಾರೆ. ಕೋರದ ಹತ್ತಿರ ಒಂದು ಹಳ್ಳಿಗೆ ಹಾಗೆ ರಾಣಿ ಪಾತ್ರಕ್ಕೆ ಹೋದವಳು ನಾನು. ಇವರ ಹಾರ್ಮೋನಿಯಂಗೆ ಹಾಡಿ, ಆಮೇಲೆ ಇವರನ್ನೇ ಕಟ್ಟಿಕೊಂಡೆ. ಮದುವೆಯಾದ ಮೇಲೂ ಬಾಯಲ್ಲಿ ‘ಮೇಷ್ಟ್ರೇ’ ಅನ್ನುವುದೇ ಉಳಿಯಿತು.

ಕೊರೊನಾ ಬಂತು, ನಾಟಕ ನಿಂತಿತು. ನಾನು ಮೊದಲು ಮಾಸ್ಕ್ ಹೊಲಿದೆ, ಆಮೇಲೆ ನೈಟಿ ಹೊಲಿದೆ. ಮೇಷ್ಟ್ರು ಮಾರ್ಕೆಟ್ಟಿನಲ್ಲಿ ಈರುಳ್ಳಿ ಅಂಗಡಿಗೆ ಹೋಗಿ ತಕ್ಕಡಿ ಹಿಡಿದರು. ಊರೂರಲ್ಲಿ ಎದುರು ಬಂದು ಕೈ ಮುಗಿಯುತ್ತಿದ್ದ ಜನ ಈಗ ಈರುಳ್ಳಿ ಕೊಳೆತಿದೆ ಅಂತ ಅವರ ಮೇಲೆ ರೇಗುವುದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಎರಡನೇ ಅಲೆಯಲ್ಲಿ ಅವರಿಗೇ ಬಂತು. ಆಸ್ಪತ್ರೆಯಿಂದ ಮನೆಗೆ ಬಂದರು, ಅದೇ ದೊಡ್ಡದು. ಆದರೆ ಎದೆ ಅರ್ಧ ಅಲ್ಲೇ ಬಿಟ್ಟು ಬಂದಂತಿತ್ತು. ಎರಡು ಮಾತಾಡಿದರೆ ನಿಂತು, ಬಾಯಿ ತೆರೆದು ಉಸಿರೆಳೆದುಕೊಳ್ಳಬೇಕು. ಅಡುಗೆಮನೆಯಲ್ಲಿದ್ದರೂ ಆ ಶಬ್ದ ನನಗೆ ಕೇಳುತ್ತಿತ್ತು. ಕೇಳಿಸದಿದ್ದರೆ ಕೆಲಸ ಬಿಟ್ಟು ಓಡಿಬಂದು ನೋಡುತ್ತಿದ್ದೆ.

ಹಾರ್ಮೋನಿಯಂ ಮೂಲೆಯಲ್ಲಿ ಬೆಡ್‌ಶೀಟು ಹೊದ್ದು ಕೂತಿತ್ತು. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದರು, ನುಡಿಸುತ್ತಿರಲಿಲ್ಲ. ಒಂದು ಸಲ, ಒಂದೇ ಸಲ, ಮೇಷ್ಟ್ರು ಮತ್ತೆ ರಂಗದ ಮುಂದೆ ಕೂರಬೇಕು. ನನಗೆ ಬೇಕಾಗಿದ್ದು ಅಷ್ಟೇ. ದೇವರ ಮುಂದೆ ನಿಂತಾಗಲೂ ಬೇರೆ ಏನೂ ಕೇಳುತ್ತಿರಲಿಲ್ಲ.

ಆಗ ಬಂದವನು ಸಿದ್ದಾರ್ಥ. ಅವನ ತಾತ ಕೊಬ್ಬರಿ ಮಂಡಿಯ ದೊಡ್ಡ ವರ್ತಕರು, ನಾಟಕದ ಹುಚ್ಚಿದ್ದವರು, ತೀರಿಕೊಂಡಿದ್ದರು. ಮೊಮ್ಮಗ ಕೆಲವು ವ್ಯಾಪಾರಸ್ಥರನ್ನೂ ಮಠದ ಭಕ್ತರನ್ನೂ ಸೇರಿಸಿ ‘ರಂಗಾಸರೆ’ ಅಂತ ಒಂದು ಟ್ರಸ್ಟ್ ಮಾಡಿದ್ದ. ಮೊದಲು ಅಕ್ಕಿ ಬೇಳೆಯ ಚೀಲ ಬಂತು. ಚೀಲ ಹಿಡಿದು ಫೋಟೊಗೆ ನಿಲ್ಲಿ ಅಂದಾಗ ನನ್ನ ಮೈ ಉರಿಯಿತು. ಮೇಷ್ಟ್ರು ಕಣ್ಸನ್ನೆ ಮಾಡಿದ್ದಕ್ಕೆ ನಿಂತೆ. ಆಮೇಲೆ ಅಕ್ಕಿಯಷ್ಟೇ ಅಲ್ಲ ಎಂದು ಗೊತ್ತಾಯಿತು. ಎರಡನೇ ಅಲೆಯಲ್ಲಿ ಎಷ್ಟೋ ಮೇಷ್ಟ್ರುಗಳು ಹೋಗಿಬಿಟ್ಟರು, ಅವರ ಹಾಡಿನ ಮಟ್ಟುಗಳೂ ಅವರ ಜೊತೆಯೇ ಸುಟ್ಟುಹೋದವು, ನಿಮ್ಮದನ್ನಾದರೂ ಉಳಿಸಿಕೊಳ್ಳೋಣ, ಸ್ಟುಡಿಯೋದಲ್ಲಿ ಎಲ್ಲ ಹಾಡೂ ರೆಕಾರ್ಡ್ ಮಾಡೋಣ ಎಂದ. ಮೇಷ್ಟ್ರಿಲ್ಲದ ಊರಿನವರು ಅದನ್ನು ಹಾಕಿಕೊಂಡು ತಾಲೀಮು ಮಾಡಬಹುದು, ನಾಟಕ ಮತ್ತೆ ಚಿಗುರುತ್ತದೆ ಎಂದ. ಅವನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ನಾಟಕದ ನೀರು ಯಾವುದು, ನಿಜದ್ದು ಯಾವುದು ಅಂತ ನನಗೆ ಗೊತ್ತಾಗುತ್ತದೆ. ಅದು ನಿಜದ್ದೇ.

ಇನ್ನೊಂದು ಮಾತೂ ಕೊಟ್ಟ. ಕೊರೊನಾದಿಂದ ನಿಂತುಹೋದ ಒಂದು ನಾಟಕವನ್ನು ಟ್ರಸ್ಟಿನ ಖರ್ಚಿನಲ್ಲೇ ಆಡಿಸುವುದು. ಶಾಮಿಯಾನ, ಸೀನರಿ, ಮೈಕು, ಊಟ ಎಲ್ಲ ಅವರದ್ದು. ಯಾವುದು ಎಂದು ಮೇಷ್ಟ್ರನ್ನೇ ಕೇಳಿದ. ಮೇಷ್ಟ್ರು ಒಂದು ಕ್ಷಣವೂ ಯೋಚಿಸದೆ ಹಾಗಲವಾಡಿಯಾಚೆಯ ಒಂದು ಹಳ್ಳಿಯ ಹೆಸರು ಹೇಳಿದರು.

ಅಲ್ಲಿ ಇಪ್ಪತ್ತನೇ ಇಸವಿಯಲ್ಲಿ ಮೇಷ್ಟ್ರು ತಾವೇ ಬರೆದ ನಾಟಕ ಕಲಿಸಿದ್ದರು, ಕೋಟೆ ಕಳೆದುಕೊಂಡ ಒಬ್ಬ ಪಾಳೇಗಾರನ ಕಥೆ. ಆಟಕ್ಕೆ ಇನ್ನೇನು ವಾರವಿದೆ ಎನ್ನುವಾಗ ಲಾಕ್‌ಡೌನ್ ಬಿತ್ತು. ದೊರೆಯ ಪಾತ್ರ ಹಿಡಿದಿದ್ದವರು ಗಂಗಣ್ಣ, ತೆಂಗಿನ ತೋಟದ ಯಜಮಾನರು. ನಮ್ಮಲ್ಲಿ ಪಾತ್ರ ಹಿಡಿಯುವುದು ಸುಮ್ಮನೆ ಅಲ್ಲ. ದೇವರ ಮುಂದೆ ವೀಳ್ಯ ತೆಗೆದುಕೊಂಡು ಪಾತ್ರ ಹಿಡಿದರೆ ಆಡಿಯೇ ತೀರಬೇಕು, ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಗಂಗಣ್ಣನಿಗೂ ಎರಡನೇ ಅಲೆಯಲ್ಲಿ ಬಂದು, ಆಕ್ಸಿಜನ್ ಹಾಕಿಸಿಕೊಂಡು ಮಲಗಿ ಎದ್ದಿದ್ದರು. ಎದ್ದ ಮೇಲೆ ಮೇಷ್ಟ್ರಿಗೆ ಮೊದಲು ಫೋನು ಮಾಡಿ ಕೇಳಿದ್ದು ನಾಟಕ ಯಾವಾಗ ಅಂತ.

ತಾಲೀಮು ಮತ್ತೆ ಶುರುವಾಯಿತು, ಗಂಗಣ್ಣನ ಮನೆಯ ನಡುಮನೆಯಲ್ಲಿ. ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ ಕೊಬ್ಬರಿಯಾಗುತ್ತಾ ಬಿದ್ದಿತ್ತು. ಕೆಳಗೆ ಜಮಖಾನೆ ಹಾಸಿ, ಹಾರ್ಮೋನಿಯಂ ಇಟ್ಟು, ಮೇಷ್ಟ್ರು ಮೊದಲ ಸಲ ಬೆರಳು ಇಟ್ಟಾಗ ನಾನು ಕಂಬ ಹಿಡಿದು ನಿಂತೆ. ಶ್ರುತಿ ಬಂತು. ಆಮೇಲೆ ಮೇಷ್ಟ್ರು ಉಸಿರೆಳೆದ ಶಬ್ದ ಬಂತು, ಆಮೇಲೆ ಹಾಡು.

ಹಳ್ಳಿಯ ನಾಟಕದವರು ತಾಳ ಎಣಿಸಿ ಹಾಡುವುದಿಲ್ಲ. ಮೇಷ್ಟ್ರ ಉಸಿರನ್ನು ಹಿಡಿದುಕೊಂಡು ಹಾಡುತ್ತಾರೆ. ಮೇಷ್ಟ್ರು ಮೈಕಿನ ಮುಂದೆ ಜೋರಾಗಿ ಉಸಿರೆಳೆದರೆ ಪಾತ್ರಧಾರಿಯೂ ಎಳೆದುಕೊಳ್ಳುತ್ತಾನೆ, ಅವರು ಎತ್ತಿದರೆ ಇವನೂ ಎತ್ತುತ್ತಾನೆ, ಇವನು ಮರೆತರೆ ಅವರು ನಿಂತು ಕಾಯುತ್ತಾರೆ. ನಾನೂ ಹಾಗೆಯೇ ಕಲಿತವಳು. ಗಂಗಣ್ಣನಂತೂ ಬೇರೆ ದಾರಿಯೇ ಗೊತ್ತಿಲ್ಲದವರು. ಒಂದು ದಿನ ನನ್ನ ಹತ್ತಿರ ನಗುತ್ತಾ ಹೇಳಿದರು.

“ತಾಳ ಗೀಳ ನಂಗೆ ತಿಳಿಯಾಕಿಲ್ಲ ಪ್ರೇಮಮ್ಮ. ಮೇಷ್ಟ್ರು ಉಸ್ರು ತಕ್ಕಂಡ್ರೆ ನಾನೂ ತಕ್ಕತೀನಿ, ಅಷ್ಟೇಯ.”

ಕೊನೆಯ ಹಾಡೇ ಕಷ್ಟದ್ದು. ಗಾಯಗೊಂಡ ದೊರೆ ರಾಣಿಯ ತೊಡೆಯ ಮೇಲೆ ತಲೆಯಿಟ್ಟು ಸಾಯುವ ಮುಂಚೆ ಕೋಟೆಗೆ, ಕೆರೆಗೆ, ಜನಕ್ಕೆ ವಿದಾಯ ಹೇಳುವ ಉದ್ದ ಹಾಡು. ಹಿಂದೆ ಎರಡೆರಡು ಸಾಲನ್ನು ಒಂದೇ ಉಸಿರಿಗೆ ಹಾಡುವಂತೆ ಕಟ್ಟಿದ್ದರು. ಈಗ ಮೇಷ್ಟ್ರು ಅದನ್ನು ಒಡೆದು ಅರ್ಧರ್ಧ ಸಾಲಿಗೆ ಒಂದೊಂದು ನಿಲುಗಡೆ ಇಟ್ಟರು. ತಮಗೂ ಅಷ್ಟೇ ಸಾಧ್ಯವಿತ್ತು, ಗಂಗಣ್ಣನಿಗೂ ಅಷ್ಟೇ. ಇಬ್ಬರೂ ಮುಖ ನೋಡಿಕೊಂಡು, ಒಟ್ಟಿಗೆ ನಿಂತು, ಒಟ್ಟಿಗೆ ಉಸಿರೆಳೆದು ಹಾಡುವುದನ್ನು ನೋಡಿದರೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಹೆದರಿಕೆ. ಗಂಗಣ್ಣನ ಹೆಂಡತಿ ಶಿವರುದ್ರಮ್ಮ ಶುಂಠಿ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ನನ್ನನ್ನು ಒಳಕ್ಕೆ ಕರೆದು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಹೇಳಿದರು.

“ನಿಮ್ಮ ಮೇಷ್ಟ್ರು ಎದುರಿಗೆ ಕೂತಿದ್ರೆ ನಂಗೆ ಧೈರ್ಯ ಕಣಮ್ಮ. ಅವ್ರಿಲ್ದೆ ಇವ್ರನ್ನ ಹಾಡಾಕೆ ಬುಡಬ್ಯಾಡಿ.”

ಬಿಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಮೇಷ್ಟ್ರು ಕೂರುತ್ತಾರೆ ಎನ್ನುವುದರಲ್ಲಿ ನನಗೆ ಆಗ ಅನುಮಾನವೇ ಇರಲಿಲ್ಲ.

ಅದೇ ಹೊತ್ತಿಗೆ ತುಮಕೂರಿನಲ್ಲಿ ರೆಕಾರ್ಡಿಂಗೂ ನಡೆಯುತ್ತಿತ್ತು. ಬಿ.ಎಚ್. ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯ ಮಹಡಿ ಮೇಲೆ ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಗೆಲ್ಲ ಸ್ಪಂಜು. ಅಲ್ಲಿ ನಮ್ಮ ಮಾತೇ ನಮಗೆ ಸತ್ತಂತೆ ಕೇಳುತ್ತಿತ್ತು. ರೆಕಾರ್ಡಿಂಗ್ ಮಾಡುವವನು ಚಂದ್ರು, ಭಕ್ತಿಗೀತೆ, ಚುನಾವಣೆಯ ಹಾಡು ಎಲ್ಲ ಮಾಡಿ ಪಳಗಿದವನು. ಮೇಷ್ಟ್ರು ಒಂದು ಸಾಲು ಹಾಡುತ್ತಾರೆ, ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ, ಇನ್ನೊಂದು ಸಾಲು. ಚಂದ್ರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ನಿಧಾನ ಸರ್, ತುಂಡು ತುಂಡಾಗಿ ಹಾಡಿ, ನಾನು ಜೋಡಿಸಿಕೊಳ್ಳುತ್ತೇನೆ ಎನ್ನುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಮಾತಾಡಲೂ ಆಗುತ್ತಿರಲಿಲ್ಲ. ಎಲ್ಲ ಅಲ್ಲೇ ಹಿಂಡಿ ಇಟ್ಟುಕೊಂಡು ಕಳಿಸುತ್ತಾರೇನೋ ಎಂದು ನಾನು ಗೊಣಗುತ್ತಾ ಗಂಜಿ ಕೊಡುತ್ತಿದ್ದೆ.

ಎಲ್ಲ ಮುಗಿದ ಮೇಲೆ ಕೇಳಲು ಕರೆದರು. ಚಂದ್ರು ಗುಂಡಿ ಒತ್ತಿದ. ಕೋಣೆ ತುಂಬ ಮೇಷ್ಟ್ರ ದನಿ ಬಂತು. ನಾನು ಕೋರದಲ್ಲಿ ಕೇಳಿ ಮರುಳಾದ ದನಿ, ಮೂವತ್ತೈದರ ದನಿ. ಒಂದು ಕೆಮ್ಮಿಲ್ಲ, ಒಂದು ತಡವರಿಕೆಯಿಲ್ಲ. ಸಾಲಿನ ಹಿಂದೆ ಸಾಲು, ಎಲ್ಲೂ ನಿಲ್ಲದೆ ಹರಿದುಕೊಂಡು ಹೋಗುತ್ತಿತ್ತು. ಚಂದ್ರು ಹೆಮ್ಮೆಯಿಂದ ನಮ್ಮ ಕಡೆ ತಿರುಗಿದ.

“ಉಸಿರೆಲ್ಲ ತೆಗೆದುಬಿಟ್ಟಿದೀನಿ ಸರ್. ಒಂದೂ ಬಿಟ್ಟಿಲ್ಲ. ಗ್ಯಾಪೆಲ್ಲ ಮುಚ್ಚಿದ ಮೇಲೆ ನೋಡಿ, ಹೆಂಗೆ ಕ್ಲೀನಾಗಿ ಬಂದಿದೆ.”

ಮೇಷ್ಟ್ರು ಅಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಚಂದ್ರುವಿನ ಎರಡೂ ಕೈ ಹಿಡಿದುಕೊಂಡರು, ಮತ್ತೆ ಹಾಕಿಸಿದರು, ಮತ್ತೆ ಹಾಕಿಸಿದರು. ಒಬ್ಬ ಮನುಷ್ಯ ಅಷ್ಟು ಹೊತ್ತು ಉಸಿರೇ ತೆಗೆದುಕೊಳ್ಳದೆ ಹಾಡುವುದನ್ನು ಕೇಳುತ್ತಾ ಕೇಳುತ್ತಾ ನನಗೇ ಉಸಿರು ಕಟ್ಟಿತು. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಮನೆಗೆ ಬರುವ ದಾರಿಯಲ್ಲೇ, ಆಟೋದಲ್ಲಿ, ಜಗಳವಾಯಿತು. ನಾನು ಸುಮ್ಮನಿರುವ ಜಾತಿಯಲ್ಲ.

“ಅದ್ರಲ್ಲಿ ನೀವೇ ಇಲ್ಲ ಮೇಷ್ಟ್ರೇ. ನಂಗೆ ಹೆದ್ರಿಕೆ ಆಗುತ್ತೆ. ಉಸಿರು ವಾಪಸ್ ಹಾಕ್ಸಿ,” ಎಂದೆ.

ಮೇಷ್ಟ್ರಿಗೆ ಎಂದೂ ಬರದ ಸಿಟ್ಟು ಬಂತು. “ಸಾಯೋವರ್ಗೂ ಜನಕ್ಕೆ ನನ್ನ ಕೆಮ್ಮೇ ಕೇಳಿಸ್ಬೇಕೇನೇ?” ಎಂದರು. ಅಷ್ಟು ಹೇಳಿ, ನಿಂತು, ಉಸಿರೆಳೆದುಕೊಂಡರು. ಆ ಶಬ್ದ ಕೇಳಿ ಬಾಯಿ ಮುಚ್ಚಿಕೊಂಡೆ. ಆಮೇಲೆ ದಿನಾ ಸಂಜೆ ಮೊಬೈಲಿನಲ್ಲಿ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು. ಹಾರ್ಮೋನಿಯಂನ ಧೂಳು ಒರೆಸುವುದನ್ನು ಮರೆತರು.

ಮೂರನೇ ಅಲೆ ಬಂದು ಆಟ ಮುಂದಕ್ಕೆ ಹೋಯಿತು. ಎಲ್ಲ ತಗ್ಗಿ, ನಾಟಕಕ್ಕೆ ಅನುಮತಿ ಸಿಕ್ಕಿದಾಗ ಮಾರ್ಚಿನ ಬಿಸಿಲು ಶುರುವಾಗಿತ್ತು. ಗಣ್ಯರು ಬರುತ್ತಾರೆ, ರಾತ್ರಿ ಬೇಡ, ಹಗಲು ನಾಟಕ ಎಂದು ಟ್ರಸ್ಟಿನವರು ಗೊತ್ತುಮಾಡಿದರು. ಅದಕ್ಕೂ ನಾವು ಹೂಂ ಅಂದೆವು, ಇಬ್ಬರು ಎದೆ ಸರಿಯಿಲ್ಲದವರಿಗೆ ಇಬ್ಬನಿ ತಪ್ಪಿತಲ್ಲ ಎಂದು.

ಆಟಕ್ಕೆ ನಾಲ್ಕಾರು ದಿನವಿದ್ದಾಗ ಸಿದ್ದಾರ್ಥ ಫೋನು ಮಾಡಿದ. ಫೋನು ನನ್ನ ಕೈಲಿತ್ತು. ಅವನ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ಕಾರ್ಯಕ್ರಮ ಲೈವ್ ಹೋಗುತ್ತದೆ, ಬೆಂಗಳೂರಿನಿಂದ ದಾನಿಗಳು ಬರುತ್ತಾರೆ, ಇದು ಚೆನ್ನಾಗಿ ಆದರೆ ಕುಣಿಗಲ್ ಕಡೆ ಇನ್ನಷ್ಟು ಊರಿಗೆ ಕೊಡಲು ಒಪ್ಪಿದ್ದಾರೆ, ನಡುವೆ ಸರ್‌ಗೆ ಕೆಮ್ಮು ಬಂದರೆ, ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲ ಹಾಳು, ಅದಕ್ಕೆ ರಿಸ್ಕ್ ಬೇಡ, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿಬಿಡೋಣ, ಸರ್ ಮುಂದಿನ ಸಾಲಿನಲ್ಲಿ ಕೂರಲಿ, ಶಾಲು ಪೇಟ ಹಾಕಿ ಸನ್ಮಾನ ಮಾಡುತ್ತೇವೆ ಎಂದ.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೇಷ್ಟ್ರನ್ನು ಕೂರಿಸುತ್ತೇನೆಂದು ಮಾತು ಕೊಟ್ಟು ಈಗ ಡಬ್ಬಿ ತಂದು ಇಡುತ್ತೀಯಾ, ನಿಮ್ಮ ಅಕ್ಕಿ ನೀವೇ ತೆಗೆದುಕೊಂಡು ಹೋಗಿ ಎಂದೆ. ಅವನು ಸಾರಿ ಮೇಡಂ, ಸಾರಿ ಮೇಡಂ ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಮೇಷ್ಟ್ರು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಆಗಲಿ ಎಂದರು. ಒಂದೇ ಮಾತು, ಆಗಲಿ. ಬೇಸರವೇನೂ ಇರಲಿಲ್ಲ ಅವರ ಮುಖದಲ್ಲಿ, ಹೊರೆ ಇಳಿದಂತಿತ್ತು.

ಗಂಗಣ್ಣನ ಗತಿಯೇನು ಎಂದು ಕೇಳಿದೆ. “ನನ್ನ ದನೀನೇ ಅಲ್ವೇನೇ ಅದು? ನನ್ನ ಹಿಂದೆ ಬಂದಂಗೇ ಬರ್ತಾರೆ,” ಎಂದರು.

ತಪ್ಪಾದದ್ದು ಇಲ್ಲಿ. ನಿಲುಗಡೆ ಇಟ್ಟವರು ಅವರೇ, ನಿಲುಗಡೆಯಲ್ಲಿ ಹಾಡಿದವರು ಅವರೇ. ಆದರೆ ಕೇಳಿ ಕೇಳಿ, ಆ ಗ್ಯಾಪು ಮುಚ್ಚಿದ ಹಾಡೇ ತಾವು ಹಾಡಿದ್ದು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೊನೆಯ ತಾಲೀಮಿನಲ್ಲಿ ಟ್ರ್ಯಾಕ್ ಹಾಕಿದಾಗ ಗಂಗಣ್ಣ ಕೊನೆಯ ಹಾಡಿನ ನಡುವೆ ಹಿಂದುಳಿದು, ಬೆವತು, ನಕ್ಕುಬಿಟ್ಟರು. ಆಟದ ದಿನ ಮೇಷ್ಟ್ರು ಮುಂದೆಯೇ ಕೂತಿರುತ್ತಾರಲ್ಲ, ಅವರ ಬಾಯಿ ನೋಡಿಕೊಂಡು ಹಾಡುತ್ತೇನೆ ಎಂದರು. ಶಿವರುದ್ರಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಬ್ಯಾಗಿಗೆ ಸೀರೆ ತುರುಕಿದೆ.

ಆಟದ ದಿನ ಬೆಳಿಗ್ಗೆಯೇ ಬಿಸಿಲು ರಾಚುತ್ತಿತ್ತು. ಹಗಲಿನಲ್ಲಿ ಬಣ್ಣ ಹಚ್ಚಿದ ಮುಖಗಳನ್ನು ನೋಡುವುದು ನನಗೆ ಆಗುವುದಿಲ್ಲ. ರಾತ್ರಿಯ ದೀಪಕ್ಕೆ ಕೆಂಪಾಗಿ ಕಾಣುವುದು ಬಿಸಿಲಿಗೆ ಕಾಯಿಲೆಯವರ ಮುಖದಂತೆ ಕಾಣುತ್ತದೆ. ಗಂಗಣ್ಣ ಕಿರೀಟ ಇಟ್ಟುಕೊಂಡು, ಜರಿಯ ಅಂಗಿಯೊಳಗೆ ಈಗಾಗಲೇ ನೆನೆದು, ಸ್ಟೂಲಿನ ಮೇಲೆ ಕೂತಿದ್ದರು. ಹೇಗಿದ್ದೀರಿ ಎಂದರೆ ದೊರೆ ಹೆಂಗಿರ್ತಾನೆ ಹಂಗಿವ್ನಿ ಎಂದರು. ರಂಗದ ಮುಂದೆ ಮೇಷ್ಟ್ರು ಕೂರಬೇಕಾದ ಜಾಗದಲ್ಲಿ ಎರಡು ಆಳೆತ್ತರದ ಸ್ಪೀಕರ್ ನಿಲ್ಲಿಸಿದ್ದರು. ಟ್ರ್ಯಾಕ್ ಹಾಕುವವನು ಜನರ ಹಿಂದೆ, ದೂರದಲ್ಲಿ, ಗುಡಾರದೊಳಗೆ.

ಸನ್ಮಾನವಾಯಿತು. ಮೇಷ್ಟ್ರಿಗೆ ಮೈಸೂರು ಪೇಟ ಚೆನ್ನಾಗಿ ಒಪ್ಪಿತು. ಸುಳ್ಳೇಕೆ ಹೇಳಲಿ, ಆ ಒಂದು ಗಳಿಗೆ ನನಗೂ ಹೆಮ್ಮೆಯಾಯಿತು. ಅವರನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ಆಮೇಲೆ ಒಬ್ಬ ಬಂದು ಮುಂದಿನ ಸಾಲಿನವರಿಗೆಲ್ಲ ಬಿಳಿ ಮಾಸ್ಕ್ ಹಂಚಿದ, ಲೈವ್‌ನಲ್ಲಿ ಕಾಣುತ್ತದೆ, ಗಣ್ಯರು ನಿಯಮ ಮೀರಬಾರದು ಎಂದು. ಮೇಷ್ಟ್ರೂ ಹಾಕಿಕೊಂಡರು. ಪರದೆಯ ಸಂದಿನಿಂದ ನೋಡುತ್ತಿದ್ದ ನನಗೆ ಅವರ ಬಾಯಿ ಕಾಣುತ್ತಿರಲಿಲ್ಲ.

ನಾಟಕ ಶುರುವಾಯಿತು. ಸಣ್ಣ ಸಣ್ಣ ಹಾಡುಗಳು ಹೇಗೋ ದಾಟಿದವು. ಎರಡು ವರ್ಷ ನಾಟಕ ಕಾಣದ ಜನ ಮರದ ಮೇಲೂ ಟ್ರ್ಯಾಕ್ಟರಿನ ಮೇಲೂ ಹತ್ತಿ ಕೂತಿದ್ದರು. ಮೇಷ್ಟ್ರ ಹಳೆಯ ದನಿ ಸ್ಪೀಕರಿನಿಂದ ಹೊರಟಾಗ ಮುದುಕರು ಕಣ್ಣೊರೆಸಿಕೊಂಡರು. ಸಿದ್ದಾರ್ಥ ಕೈ ಜೋಡಿಸಿಕೊಂಡೇ ಕೂತಿದ್ದ. ಊಟದ ಹೊತ್ತಿಗೆ ಎಲ್ಲರೂ ಬಂದು ಗೆದ್ದಿರಿ, ಗೆದ್ದಿರಿ ಎಂದರು. ನಾನು ಉಣ್ಣದೆ ಎಲೆ ಮಡಚಿದೆ.

ಇಳಿಹೊತ್ತಿಗೆ ಕೊನೆಯ ದೃಶ್ಯ. ನಾನು ನೆಲಕ್ಕೆ ಕೂತೆ, ಗಂಗಣ್ಣ ಕತ್ತಿ ಊರಿಕೊಂಡು ಪಕ್ಕದಲ್ಲಿ ಮಂಡಿಯೂರಿದರು. ಹಾಡು ಶುರುವಾಯಿತು. ಮೊದಲ ಅರ್ಧ ಸಾಲು ಗಂಗಣ್ಣನದೂ ಸ್ಪೀಕರಿನದೂ ಜೊತೆಗೆ ಹೋಯಿತು. ಕಲಿತ ಜಾಗದಲ್ಲಿ ಗಂಗಣ್ಣ ನಿಂತರು, ಸ್ಪೀಕರು ನಿಲ್ಲಲಿಲ್ಲ. ಅವರು ಉಸಿರೆಳೆಯುವ ಮುಂಚೆಯೇ ಮುಂದಿನ ಸಾಲು ಬಂದುಬಿಟ್ಟಿತು. ಅವರು ಅರ್ಧ ಉಸಿರಿನಲ್ಲಿ ಓಡಿ ಹೋಗಿ ಹಿಡಿದರು. ಹಿಡಿಯುವಷ್ಟರಲ್ಲಿ ಅದು ಇನ್ನೊಂದು ಸಾಲು ದಾಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಬಾಯಾಡಿಸಿ ಸುಮ್ಮನಾಗುತ್ತಿದ್ದರು, ದನಿ ಹೇಗೂ ಸ್ಪೀಕರಿನಲ್ಲಿ ಬರುತ್ತಿತ್ತು. ದೇವರ ಮುಂದೆ ವೀಳ್ಯ ಹಿಡಿದ ಮನುಷ್ಯನಿಗೆ ಅದು ಹೊಳೆಯುವುದೂ ಇಲ್ಲ, ಹೊಳೆದರೂ ಮಾಡುವುದಿಲ್ಲ. ಬಣ್ಣದ ಅಡಿಯಿಂದ ಬೆವರು ಇಳಿದು ಗಲ್ಲದ ಮೇಲೆ ಗೆರೆ ಬಿತ್ತು. ತುಟಿಯ ಅಂಚು ನೀಲಿಯಾಗುತ್ತಿತ್ತು. ಅವರು ಮುಂದಿನ ಸಾಲಿನ ಕಡೆ ನೋಡಿದರು, ಮೇಷ್ಟ್ರ ಬಾಯಿ ಹುಡುಕುತ್ತಾ. ಅಲ್ಲಿ ಬಿಳಿ ಮಾಸ್ಕುಗಳ ಸಾಲಿತ್ತು.

ಮೇಷ್ಟ್ರಿಗೆ ತಿಳಿದದ್ದು ಆಗ. ಮಾಸ್ಕ್ ಕಿತ್ತೆಸೆದು ಎದ್ದು ನಿಂತು, ಬಾಯಿ ಅಗಲಿಸಿ, ಕೈ ಎದೆಗಿಟ್ಟು, ಹೀಗೆ, ಹೀಗೆ ಎಂದು ಉಸಿರೆಳೆದು ತೋರಿಸಿದರು. ನಿಲ್ಲಿಸಿ ಎಂದು ಕೂಗುತ್ತಿದ್ದೆ ಎಂದು ಆಮೇಲೆ ಹೇಳಿದರು; ಅವರ ಕೂಗು ಅವರ ಪಕ್ಕದವರಿಗೂ ಕೇಳಿಸಿರಲಿಕ್ಕಿಲ್ಲ. ಬ್ಯಾಡ್ಜ್ ಹಾಕಿಕೊಂಡ ಇಬ್ಬರು ಬಂದು, ಬಹಳ ಮರ್ಯಾದೆಯಿಂದ, ಭುಜ ಹಿಡಿದು ಕೂರಿಸಿದರು. ಮತ್ತೆ ಎದ್ದರು. ಮತ್ತೆ ಕೂರಿಸಿದರು. ಸಿದ್ದಾರ್ಥ ಪಕ್ಕದಲ್ಲೇ ಇದ್ದ, ಅವನ ಕಣ್ಣು ತುಂಬಿಕೊಂಡಿತ್ತು, ರಂಗದಿಂದ ಅವನು ದೃಷ್ಟಿ ತೆಗೆಯಲಿಲ್ಲ.

ನಾನು ಗಂಗಣ್ಣನ ತೋಳು ಹಿಡಿದು, ರಾಣಿ ಗೋಳಾಡುವ ಹಾಗೆ ಅವರ ಕಿವಿಯ ಹತ್ತಿರ ಬಾಗಿದೆ. “ನಿಲ್ಸಿ ಗಂಗಣ್ಣ. ನಿಮ್ಮ ದಮ್ಮಯ್ಯ ಅಂತೀನಿ, ಹಾಡ್ಬೇಡಿ.”

ಅವರು ನನ್ನ ಕಡೆ ತಿರುಗಿದರು. ಕಣ್ಣು ಹೊರಗೆ ಬಂದಿತ್ತು. “ಮೇಷ್ಟ್ರು ಹಾಡ್ತಾವ್ರೆ ಕಣಮ್ಮ,” ಎಂದರು. ಇದ್ದಷ್ಟು ಉಸಿರನ್ನು ಆ ಮಾತಿಗೆ ಖರ್ಚು ಮಾಡಿಬಿಟ್ಟರು. ಆಮೇಲೂ ಇನ್ನೊಂದು ಸಾಲನ್ನು ಹಿಡಿಯಲು ಬಾಯಿ ತೆರೆದರು, ದನಿ ಬರಲಿಲ್ಲ, ಹಾಗೇ ನನ್ನ ತೊಡೆಯ ಮೇಲೆ ಬಂದು ಬಿದ್ದರು.

ದೊರೆ ಬೀಳಬೇಕಾದದ್ದು ಅಲ್ಲಿಯೇ, ರಾಣಿಯ ತೊಡೆಯ ಮೇಲೆ. ಜನ ಚಪ್ಪಾಳೆ ತಟ್ಟಿದರು. ಕಿರೀಟ ಉರುಳಿ ಹೋಯಿತು. ಅಂಗಿಯೊಳಗೆ ಕೈ ಹಾಕಿ ಎದೆ ಮುಟ್ಟಿದೆ, ಕತ್ತು ಮುಟ್ಟಿದೆ, ಮೂಗಿನ ಹತ್ತಿರ ಬೆರಳಿಟ್ಟೆ. ಏನೂ ಇರಲಿಲ್ಲ. ಗಂಗಣ್ಣ ಹೋಗಿಬಿಟ್ಟಿದ್ದರು. ಪರದೆ ಬಿಡಿ ಎಂದು ಕಿರುಚಿದೆ. ಆ ಹಾಡಿಗೆ ನನ್ನ ಮಾತಿಲ್ಲವೆಂದು ನನ್ನ ಮೈಕನ್ನು ಬಂದ್ ಮಾಡಿದ್ದರು. ಪರದೆಯವನು ಹಾಡು ಮುಗಿಯಲಿ ಎಂದು ಹಗ್ಗ ಹಿಡಿದು ಕಾಯುತ್ತಿದ್ದ. ನಾನು ಎದೆ ಬಡಿದುಕೊಂಡು, ಕೂದಲು ಬಿಚ್ಚಿಹೋಗಿ, ಬನ್ರಪ್ಪಾ ಯಾರಾದರೂ ಎಂದು ಅರಚಿದಷ್ಟೂ ಜನ ಶಿಳ್ಳೆ ಹೊಡೆದರು. ಇಂಥ ರಾಣಿ ಪಾತ್ರ ಆ ಸೀಮೆಯಲ್ಲಿ ಯಾರೂ ಮಾಡಿರಲಿಲ್ಲವಂತೆ.

ಹೆಂಗಸರ ಕಡೆ ಶಿವರುದ್ರಮ್ಮ ಒಬ್ಬರೇ ಎದ್ದು ನಿಂತಿದ್ದರು. ಹಿಂದಿನವರು ಕಾಣಿಸುವುದಿಲ್ಲ, ಕೂತ್ಕೊಳ್ಳಿ ಎಂದು ಅವರ ಸೆರಗು ಜಗ್ಗುತ್ತಿದ್ದರು.

ಮೇಷ್ಟ್ರು ಹೇಗೋ ಬಿಡಿಸಿಕೊಂಡು ಸ್ಪೀಕರುಗಳ ನಡುವೆ ಬಂದು ನಿಂತಿದ್ದರು. ಪೇಟ ಜಾರಿ ಕಿವಿಯ ಮೇಲಿತ್ತು. ಎರಡೂ ಕಡೆಯಿಂದ ಅವರದೇ ದನಿ ಮೊಳಗುತ್ತಿತ್ತು, ದೊರೆ ತನ್ನ ಕೆರೆಗೆ ಏರಿಗೆ ಹೇಳುವ ಮಾತು. ನನ್ನ ತೊಡೆಯ ಮೇಲಿದ್ದವರ ಬಾಯಿ ಅರ್ಧ ತೆರೆದೇ ಇತ್ತು, ದೂರದವರಿಗೆ ಅವರೇ ಹಾಡುತ್ತಿದ್ದಂತೆ ಕಂಡಿರಬೇಕು. ಮೇಷ್ಟ್ರು ಗಂಗಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎರಡೂ ಕೈಯಿಂದ ತಮ್ಮ ಬಾಯಿಯನ್ನೇ ಬಿಗಿಯಾಗಿ ಮುಚ್ಚಿ ಹಿಡಿದುಕೊಂಡರು. ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಒತ್ತಿ ಹಿಡಿದುಕೊಂಡರು. ಹಾಡಿನಲ್ಲಿ ಇನ್ನೂ ಒಂದು ಚರಣ ಉಳಿದಿತ್ತು.